ಉಬ್ಬು, ಬಾವು, ಹಣದುಬ್ಬರ

ರೇಡಿಯೋ ವಾರ್ತೆಯನ್ನು ತಪ್ಪದೆ ಕೇಳುವ ಮನೆಗಳಲ್ಲಿ ‘ಹಣದುಬ್ಬರ’ ಎಂಬ ಮಾತು ಹೊಸದೇನಲ್ಲ. ಈ ತಿಂಗಳ ಹಣದುಬ್ಬರ ಇಷ್ಟು, ಹೋದ ತಿಂಗಳಿಗಿಂತ ಇಷ್ಟು ಇಳಿದಿದೆ ಎಂದು ವಾರ್ತೆಯಲ್ಲಿ ಬರುತ್ತದೆ. ಅದನ್ನು ಕೇಳಿದ ಮನೆಯೊಡತಿ ಮರುದಿನ ಪೇಟೆಗೆ ಹೋಗುತ್ತಾಳೆ. ತೊಗರಿಬೇಳೆಯ ಬೆಲೆ ಇಳಿದಿರುವುದಿಲ್ಲ. ಬದಲಾಗಿ ಎರಡು ರೂಪಾಯಿ ಏರಿಯೇ ಇರುತ್ತದೆ. ವಾರ್ತೆ ಸುಳ್ಳೋ ಅಂಗಡಿಯವನು ಸುಳ್ಳೋ ಎಂಬ ಸಂಶಯ ಆಕೆಗೆ ಹುಟ್ಟಿದರೆ ಆಶ್ಚರ್ಯವಿಲ್ಲ. ನಿಜವಾಗಿ ನೋಡಿದರೆ ಇಬ್ಬರೂ ಸುಳ್ಳಾಡಿಲ್ಲ. ತೊಡಕು ಇರುವುದು ‘ಉಬ್ಬರ’ ಎಂಬ ಮಾತಿನಲ್ಲಿ. ಆದುದರಿಂದ ಆ ಮಾತು ಎಲ್ಲಿಂದ ಬಂತು, ಅದರ ಅಕ್ಕತಂಗಿಯರು ಯಾರು, ಅದು ನಮಗೆ ಏನನ್ನು ತಿಳಿಸುತ್ತದೆ, ಏನನ್ನು ಮರೆಸುತ್ತದೆ ಎಂಬುದನ್ನು ಸ್ವಲ್ಪ ವಿಚಾರ ಮಾಡೋಣ.

ಹಣದುಬ್ಬರವೆಂಬುದು ಇಂಗ್ಲಿಷಿನ ‘ಇನ್‌ಫ್ಲೇಷನ್’ ಎಂಬುದಕ್ಕೆ ನಾವು ಮಾಡಿಕೊಂಡ ಹೆಸರು. ಅದರ ಮೂಲದಲ್ಲಿರುವುದು ‘ಇನ್‌ಫ್ಲೇಟ್’ ಎಂಬ ಕ್ರಿಯಾಪದ. ಅದು ಲ್ಯಾಟಿನ್ ಭಾಷೆಯಿಂದ ಬಂದದ್ದು. ಲ್ಯಾಟಿನ್ನಿನಲ್ಲಿ ‘ಇನ್’ ಎಂದರೆ ಒಳಗೆ, ‘ಫ್ಲಾರೆ’ ಎಂದರೆ ಊದುವುದು. ಒಳಗೆ ಗಾಳಿ ಊದಿ ದೊಡ್ಡದು ಮಾಡುವುದೇ ಇನ್‌ಫ್ಲೇಟ್. 15ನೆಯ ಶತಮಾನದಲ್ಲಿ ಇಂಗ್ಲಿಷಿಗೆ ಬಂದಾಗ ಅದಕ್ಕೆ ಇದ್ದ ಅರ್ಥ ಇಷ್ಟೇ. ಮುಂದೆ ಗರ್ವದಿಂದ ಉಬ್ಬಿದ ಮನುಷ್ಯನಿಗೂ, ಅಬ್ಬರದ ಮಾತಿಗೂ ಅದು ಸಂದಿತು. ಹಣಕ್ಕೆ ಅದನ್ನು ಹೇಳತೊಡಗಿದ್ದು 1838ರ ಸುಮಾರಿಗೆ, ಅಮೆರಿಕದಲ್ಲಿ. ಆಗ ಅವರು ಹೇಳಿದ್ದು ಬೆಲೆಗಳ ಉಬ್ಬರವನ್ನಲ್ಲ; ಚಲಾವಣೆಯ ಹಣದ ಉಬ್ಬರವನ್ನು. ಬೆನ್ನ ಹಿಂದೆ ತಕ್ಕಷ್ಟು ಬೆಳ್ಳಿ ಬಂಗಾರವಿಲ್ಲದೆ ಬ್ಯಾಂಕುಗಳು ನೋಟುಗಳನ್ನು ಹೊರಡಿಸಿದರೆ, ಹಣ ದಪ್ಪನಾಗಿ ಕಂಡರೂ ಒಳಗೆ ಗಾಳಿಯೇ ಎಂಬುದು ಅದರ ಭಾವ. ಕನ್ನಡದಲ್ಲಿ ‘ಬೆಲೆಯುಬ್ಬರ’ ಎನ್ನದೆ ‘ಹಣದುಬ್ಬರ’ ಎಂದವರು ಈ ಹಳೆಯ ಅರ್ಥವನ್ನೇ ಉಳಿಸಿಕೊಂಡಿದ್ದಾರೆ ಎಂಬುದು ಗಮನಿಸತಕ್ಕ ಸಂಗತಿ.

ಇಂಗ್ಲಿಷಿನಲ್ಲಿ ಇದಕ್ಕಿಂತ ಹಳೆಯ, ಮನೆಮಾತಿನ ಕ್ರಿಯಾಪದ ‘ಸ್ವೆಲ್’. ಜರ್ಮನ್ ಭಾಷೆಯ ‘ಷ್ವೆಲೆನ್’ ಇದರ ಬಂಧು. ಗಾಯವಾದ ಬೆರಳೂ ಸ್ವೆಲ್ ಆಗುತ್ತದೆ, ಮಳೆಗಾಲದ ಹೊಳೆಯೂ ಸ್ವೆಲ್ ಆಗುತ್ತದೆ; ಕಡಲಿನ ಅಲೆ, ಹಡಗಿನ ಹಾಯಿ, ತಂದೆಯ ಎದೆ, ಸಾಲದ ಮೊತ್ತ ಎಲ್ಲಕ್ಕೂ ಅದೊಂದೇ ಸಾಕು. ‘ಬಲ್ಜ್’ ಎಂಬ ಇನ್ನೊಂದು ಮಾತಿನ ಕಥೆ ಇನ್ನೂ ಸ್ವಾರಸ್ಯವಾದದ್ದು. ಲ್ಯಾಟಿನ್ನಿನ ‘ಬುಲ್ಗ’ ಎಂದರೆ ತೊಗಲಿನ ಚೀಲ. ತುಂಬಿದ ಚೀಲ ಹೇಗೆ ಉಬ್ಬಿ ನಿಲ್ಲುತ್ತದೋ ಹಾಗೆ ಉಬ್ಬುವುದು ಬಲ್ಜ್. ಅದೇ ಚೀಲ ಫ್ರೆಂಚರಲ್ಲಿ ಚಿಕ್ಕದಾಗಿ ‘ಬುಜೆಟ್’ ಆಯಿತು. ಅಲ್ಲಿಂದ ಇಂಗ್ಲಿಷಿಗೆ ಬಂದು ‘ಬಜೆಟ್’ ಆಯಿತು. ಸ್ವತಂತ್ರ ಭಾರತದ ಮೊದಲನೆಯ ಬಜೆಟ್ಟನ್ನು ಆರ್. ಕೆ. ಷಣ್ಮುಖಂ ಚೆಟ್ಟಿ ಅವರು 1947ರ ನವೆಂಬರ್ 26ರಂದು ಮಂಡಿಸಿದರು. ಮುಂದೆ ಬಹಳ ವರ್ಷ ನಮ್ಮ ಅರ್ಥಮಂತ್ರಿಗಳು ಕೈಯಲ್ಲಿ ಪೆಟ್ಟಿಗೆ ಹಿಡಿದು ಸಂಸತ್ತಿಗೆ ಬರುತ್ತಿದ್ದುದನ್ನು ಚಿತ್ರಗಳಲ್ಲಿ ನೋಡಿದ್ದೇವೆ. 2019ರಲ್ಲಿ ಆ ಪೆಟ್ಟಿಗೆ ಹೋಗಿ ಕೆಂಪು ಬಟ್ಟೆಯ ಬಹಿಖಾತೆ ಬಂತು. ಪೆಟ್ಟಿಗೆ ಹೋದರೂ ಬಜೆಟ್ ಎಂಬ ಹೆಸರಿನಲ್ಲಿ ಆ ಹಳೆಯ ತೊಗಲಿನ ಚೀಲ ಉಳಿದೇ ಇದೆ.

ಇನ್ನು ನಮ್ಮ ಕಡೆಗೆ ಬರೋಣ. ಮಾತುಗಳನ್ನು ಒಂದರ ಪಕ್ಕ ಒಂದಿಟ್ಟು ನೋಡುವುದಕ್ಕೆ ಬೀದರದಂಥ ಊರು ಸಿಗುವುದು ಕಷ್ಟ. ನಗರಕ್ಕೆ ಸೇರಿಕೊಂಡಿರುವ ಚಿದ್ರಿಯಿಂದ ಹೊರಟು ಭಾಲ್ಕಿ, ಔರಾದದ ಕಡೆಗೆ ನಡೆದರೆ ಕನ್ನಡ, ದಖನಿ ಉರ್ದು, ಮರಾಠಿ, ತೆಲುಗು ಎಂಬ ನಾಲ್ಕು ಮಾತುಗಳೂ ಕಿವಿಗೆ ಬೀಳುತ್ತವೆ. ಈ ನಾಲ್ಕರಲ್ಲಿಯೂ ಉಬ್ಬುವುದಕ್ಕೆ ಒಂದೇ ಮಾತಿಲ್ಲ. ಉರ್ದುವಿನಲ್ಲಿ ರೊಟ್ಟಿ ಉಬ್ಬಿದರೆ ‘ಫೂಲ್ನಾ’, ಕಾಲು ಬಾತರೆ ‘ಸೂಜ್ನಾ’. ನಮ್ಮ ಮನೆಗಳಲ್ಲಿ ಮಾಡುವ ಫುಲ್ಕಾಗೆ ಆ ಹೆಸರು ಬಂದದ್ದು ಉಬ್ಬುವುದರಿಂದಲೇ. ಮರಾಠಿಯಲ್ಲಿ ಗಾಳಿಯಿಂದ ಉಬ್ಬುವುದು ‘ಫುಗಣೇ’, ನೋವಿನಿಂದ ಬಾಯುವುದು ‘ಸುಜಣೇ’. ಮರಾಠಿಯವರ ‘ಫುಗಾ’ ನಮ್ಮ ಕಡೆಯ ಮಕ್ಕಳ ಬಾಯಲ್ಲಿ ‘ಪುಗ್ಗಾ’ ಆಗಿ ಜಾತ್ರೆ ಜಾತ್ರೆಯಲ್ಲಿ ಮಾರಾಟವಾಗುತ್ತದೆ. ತೆಲುಗಿನಲ್ಲಿ ‘ಉಬ್ಬು’ ಉಂಟು, ‘ವಾಪು’ ಉಂಟು. ಮೊದಲನೆಯದು ನಮ್ಮ ಉಬ್ಬೇ. ಎರಡನೆಯದು ನಮ್ಮ ‘ಬಾವು’ವಿನ ತಂಗಿ.

ಈಗ ಕನ್ನಡದ ಮನೆತನವನ್ನು ನೋಡಿರಿ. ಹಿರಿಯದು ‘ಉಬ್ಬು’. ಹಳಗನ್ನಡದಲ್ಲಿ ಇದು ‘ಉರ್ಬು’. ‘ಪುರ್ಬು’ ಹುಬ್ಬಾದಂತೆ, ‘ಕರ್ಬು’ ಕಬ್ಬಾದಂತೆ ‘ಉರ್ಬು’ ಉಬ್ಬಾಯಿತು. ಒಳಗಿನಿಂದ ಒತ್ತಡ ಬಂದು ಮೈ ಮೇಲೇಳುವುದು ಇದರ ಲಕ್ಷಣ. ಹಂಚಿನ ಮೇಲಿನ ಜೋಳದ ರೊಟ್ಟಿ ಒಳಗಿನ ಹಬೆಯಿಂದ ಉಬ್ಬುತ್ತದೆ. ನೀರಿನಲ್ಲಿ ನೆನೆದ ಕಡಲೆ ಉಬ್ಬುತ್ತದೆ. ಕಲ್ಲಿನಿಂದ ಮೇಲೆದ್ದು ನಿಂತ ಕೆತ್ತನೆಗೆ ಉಬ್ಬುಶಿಲ್ಪವೆನ್ನುತ್ತೇವೆ. ಹೊಗಳಿಕೆಯೂ ಒಂದು ಬಗೆಯ ಗಾಳಿಯೇ ಆದ್ದರಿಂದ ಒಬ್ಬನನ್ನು ‘ಉಬ್ಬಿಸುವುದು’ ಸಾಧ್ಯ.

ಎರಡನೆಯದು ‘ಬಾವು’. ಇದಕ್ಕೆ ನೋವಿನ ಸಂಬಂಧವಿದೆ. ಮುಳ್ಳು ಚುಚ್ಚಿದ ಅಂಗಾಲು ಬಾಯುತ್ತದೆ, ಹುಳುಕು ಹಲ್ಲಿನ ದವಡೆ ಬಾಯುತ್ತದೆ. ರೊಟ್ಟಿ ಬಾತಿತು ಎಂದು ಯಾವ ಮಗುವೂ ಹೇಳುವುದಿಲ್ಲ. ಮೂರನೆಯದು ‘ಉಕ್ಕು’. ಇದು ತನ್ನ ಪಾತ್ರೆಯನ್ನು ಮೀರುವ ಉಬ್ಬು. ಒಲೆಯ ಮೇಲಿನ ಹಾಲು ಉಕ್ಕುತ್ತದೆ, ಶ್ರಾವಣದ ಮಳೆಗೆ ಮಾಂಜ್ರಾ ಹೊಳೆ ಉಕ್ಕುತ್ತದೆ. ನಾಲ್ಕನೆಯದು ‘ಅರಳು’. ಹೂವು ಅರಳುತ್ತದೆ, ಮುಖ ಅರಳುತ್ತದೆ, ನಾಗಪಂಚಮಿಗೆ ಹುರಿದ ಜೋಳ ಅರಳಿ ‘ಅಳ್ಳು’ ಆಗುತ್ತದೆ. ಐದನೆಯದು ‘ಹಿಗ್ಗು’. ಹಿಗ್ಗಿದ್ದು ಮತ್ತೆ ಕುಗ್ಗಬಲ್ಲದು. ಸಂತೋಷವೂ ಹಾಗೆಯೇ ಎಂದು ತಿಳಿದೇ ನಮ್ಮ ಹಿರಿಯರು ಸಂತೋಷಕ್ಕೆ ಹಿಗ್ಗು ಎಂದಿರಬೇಕು.

ಆರನೆಯದು ‘ಬೀಗು’. ಇದರದು ವಿಚಿತ್ರವಾದ ಪ್ರಯಾಣ. ತಮಿಳಿನಲ್ಲಿ ‘ವೀಂಗು’ ಎಂದರೆ ಇಂದಿಗೂ ಮೈ ಬಾಯುವುದು. ‘ವೀಕ್ಕಂ’ ಎಂದರೆ ಬಾವು. ಅದೇ ಬೇರಿನ ಮಾತು ನಮ್ಮಲ್ಲಿ ಮೈಯನ್ನು ಬಿಟ್ಟು ಮನಸ್ಸಿಗೆ ಹೋಗಿ ನಿಂತಿತು. ನಮ್ಮಲ್ಲಿ ಕಾಲು ಬೀಗುವುದಿಲ್ಲ, ಮನುಷ್ಯ ಬೀಗುತ್ತಾನೆ. ತಮಿಳರಿಗೆ ರೋಗವಾದದ್ದು ನಮಗೆ ಗರ್ವವಾಯಿತು!

ಇವನ್ನೆಲ್ಲ ಪಟ್ಟಿ ಮಾಡಿದ್ದು ಪಾಂಡಿತ್ಯಕ್ಕಾಗಿ ಅಲ್ಲ. ಇಂಗ್ಲಿಷಿನ ‘ಸ್ವೆಲ್’ ಒಂದು ವಸ್ತು ದೊಡ್ಡದಾಯಿತು ಎಂದಷ್ಟೇ ಹೇಳುತ್ತದೆ. ಏಕೆ ದೊಡ್ಡದಾಯಿತು ಎಂಬುದನ್ನು ಬೇರೆ ಮಾತಿನಿಂದ ತಿಳಿಯಬೇಕು. ನಮ್ಮ ಕ್ರಿಯಾಪದಗಳಾದರೋ ಒಳಗೇನಿದೆ ಎಂಬುದರ ಸುಳಿವನ್ನೂ ಜೊತೆಗೇ ಕೊಡುತ್ತವೆ. ಉಬ್ಬಿದ್ದರೆ ಗಾಳಿ ಅಥವಾ ಒತ್ತಡ, ಬಾತಿದ್ದರೆ ನೋವು, ಉಕ್ಕಿದ್ದರೆ ಅಳತೆ ಮೀರಿದ್ದು, ಬೀಗಿದ್ದರೆ ಗರ್ವ. ಈ ಸುಳಿವು ಎಷ್ಟು ಉಪಯೋಗಕ್ಕೆ ಬರುತ್ತದೆಂಬುದಕ್ಕೆ ಎರಡು ಉದಾಹರಣೆ ಕೊಡುತ್ತೇನೆ.

ಮೊದಲನೆಯದು ದನದ ಕೊಟ್ಟಿಗೆಯದು. ಬೀದರ ಜಿಲ್ಲೆ ದೇವಣಿ ತಳಿಯ ದನಗಳಿಗೆ ಹೆಸರಾದದ್ದು. ಹಸಿ ದ್ವಿದಳ ಮೇವನ್ನು ಒಮ್ಮೆಗೇ ಹೆಚ್ಚು ಮೇದ ಆಕಳಿನ ಹೊಟ್ಟೆಯಲ್ಲಿ ಗಾಳಿ ತುಂಬಿ, ಹೊರಗೆ ಹೋಗಲಾರದೆ, ಎಡಪಕ್ಕೆಯ ಹಿಂದಿನ ಗುಳಿ ತಮ್ಮಟೆಯಂತೆ ಬಿಗಿಯುತ್ತದೆ. ಅದು ಎದೆಯ ಮೇಲೆ ಒತ್ತಿ ಉಸಿರು ಕಟ್ಟಿಸುತ್ತದೆ. ಕೆಲವೇ ಗಂಟೆಗಳಲ್ಲಿ ಪ್ರಾಣಕ್ಕೆ ಬರಬಹುದು. “ಹೊಟ್ಟಿ ಉಬ್ಬ್ಯಾದ್ರಿ” ಎಂದು ರೈತ ಹೇಳಿದರೆ ಪಶುವೈದ್ಯರು ಕೈಯಲ್ಲಿದ್ದ ಕೆಲಸ ಬಿಟ್ಟು ಏಳಬೇಕು. “ಕಾಲ್ ಬಾತದ್ರಿ” ಎಂದರೆ ಅದೂ ನೋಡತಕ್ಕದ್ದೇ. ಆದರೆ ಅವಸರದ ಬಗೆ ಬೇರೆ, ಮದ್ದೂ ಬೇರೆ. ಕರ್ನಾಟಕದ ಪಶುವೈದ್ಯಕೀಯ ವಿಶ್ವವಿದ್ಯಾನಿಲಯ ಬೀದರದಲ್ಲಿಯೇ ಇದೆ. ಅಲ್ಲಿ ಕಲಿಯುವ ತರುಣರು ಪುಸ್ತಕದ ಹೆಸರುಗಳ ಜೊತೆಗೆ ರೈತನ ಈ ಎರಡು ಕ್ರಿಯಾಪದಗಳನ್ನೂ ಕಲಿತರೆ ಅರ್ಧ ರೋಗನಿರ್ಣಯ ಕೊಟ್ಟಿಗೆಯ ಬಾಗಿಲಲ್ಲಿಯೇ ಆದೀತು.

ಎರಡನೆಯದು ನೆಲದ ಮಾತು. ಬೀದರ ಪಟ್ಟಣ ಜಂಬಿಟ್ಟಿಗೆಯ ಕೆಂಪು ದಿಣ್ಣೆಯ ಮೇಲಿದೆ. ಈ ಕಲ್ಲು ನೀರು ಕುಡಿದರೂ ಉಬ್ಬುವುದಿಲ್ಲ. ದಿಣ್ಣೆಯಿಂದ ಇಳಿದು ಭಾಲ್ಕಿ, ಔರಾದದ ಕಡೆಗೆ ಹೋದರೆ ಎರೆಭೂಮಿ. ಕರಿಕಲ್ಲು ಸವೆದು ಆದ ಆ ಮಣ್ಣಿನಲ್ಲಿ ಒಂದು ಜಾತಿಯ ಜೇಡಿಯಿದೆ. ಅದರ ಕಣಗಳು ಹಾಳೆಯ ಮೇಲೆ ಹಾಳೆಯಿಟ್ಟಂತೆ ಇರುತ್ತವೆ. ಮಳೆ ಬಂದಾಗ ನೀರು ಆ ಹಾಳೆಗಳ ನಡುವೆ ಸೇರಿ ಅವನ್ನು ಅಗಲಿಸುತ್ತದೆ, ಮಣ್ಣು ಉಬ್ಬುತ್ತದೆ. ಬೇಸಿಗೆಯಲ್ಲಿ ನೀರು ಹೋಗಿ ಕುಗ್ಗುತ್ತದೆ, ನೆಲ ಬಿರಿಯುತ್ತದೆ. ಬೆಳೆಗೆ ತೇವ ಹಿಡಿದುಕೊಡುವ ಇದೇ ಗುಣ ಮನೆಗೆ ಶತ್ರು. ಪಾಯ ಒಂದು ಋತುವಿನಲ್ಲಿ ಮೇಲೇಳುತ್ತದೆ, ಇನ್ನೊಂದರಲ್ಲಿ ಕೆಳಗಿಳಿಯುತ್ತದೆ, ಗೋಡೆ ಸೀಳುತ್ತದೆ. ಗೋಡೆಗೆ ಎಷ್ಟು ಗಾರೆ ಮೆತ್ತಿದರೂ ಪ್ರಯೋಜನವಿಲ್ಲ, ಏಕೆಂದರೆ ದೋಷ ಗೋಡೆಯದಲ್ಲ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯವರು ಇಂಥ ನೆಲಕ್ಕಾಗಿ ಕೆಳತುದಿಯಲ್ಲಿ ಗಡ್ಡೆಯಂತೆ ದಪ್ಪವಾದ ಕಾಂಕ್ರೀಟಿನ ಕಂಬಗಳನ್ನು ರೂಪಿಸಿದರು. ಉಬ್ಬುವ ಪದರವನ್ನು ದಾಟಿ, ತೇವ ಬದಲಾಗದ ಆಳದಲ್ಲಿ ಅವು ಬೇರೂರುತ್ತವೆ. ಎಲ್ಲಿ ಉಬ್ಬುತ್ತಿದೆ, ಏತರಿಂದ ಉಬ್ಬುತ್ತಿದೆ ಎಂದು ಕೇಳಿದವರಿಗೆ ಉಪಾಯ ಹೊಳೆಯಿತು.

ಈಗ ಹಣಕ್ಕೆ ಹಿಂದಿರುಗಿದರೆ ಅದೇ ಪ್ರಶ್ನೆಯನ್ನು ಅಲ್ಲಿಯೂ ಕೇಳಬಹುದು: ಉಬ್ಬಿದ್ದು ಯಾವುದು, ಒಳಗೇನಿದೆ?

ನೆರೆಯ ಭಾಷೆಗಳು ಕೊಟ್ಟ ಹೆಸರುಗಳನ್ನು ನೋಡಿ. ತಮಿಳರು ‘ಪಣವೀಕ್ಕಂ’ ಎಂದರು. ಅವರ ಹಣ ಬಾತುಕೊಂಡಿದೆ, ಅದು ರೋಗ. ಮರಾಠಿಯಲ್ಲಿ ‘ಚಲನಫುಗವಟಾ’ ಎಂಬ ಮಾತಿದೆ. ಅವರ ಹಣ ಪುಗ್ಗಾ ಆಗಿದೆ. ಹಿಂದಿಯ ‘ಮುದ್ರಾಸ್ಫೀತಿ’ ಸಂಸ್ಕೃತದ ‘ಸ್ಫಾಯ್’ ಧಾತುವಿನಿಂದ ಬಂದದ್ದು. ಕೊಬ್ಬುವುದು, ಉಬ್ಬುವುದು ಎಂದು ಅದರ ಅರ್ಥ. ಉರ್ದುವಿನವರು ಮಾತ್ರ ಉಬ್ಬಿನ ಗೊಡವೆಗೆ ಹೋಗದೆ ‘ಇಫ್ರಾತ್-ಎ-ಜರ್’, ಹಣದ ಅತಿರೇಕ, ಎಂದು ನೇರವಾಗಿ ಹೇಳಿದರು. ನಾವು ‘ಉಬ್ಬರ’ವನ್ನು ಆರಿಸಿಕೊಂಡೆವು. ಉಬ್ಬರವೆಂದರೆ ಹೊಟ್ಟೆಯುಬ್ಬರವೂ ಹೌದು, ಕಡಲಿನ ಉಬ್ಬರವೂ ಹೌದು.

ಮನೆಯೊಡತಿಯ ತೊಡಕು ಹುಟ್ಟುವುದು ಈ ಕಡಲಿನ ಅರ್ಥದಿಂದ. ಕಡಲಿನಲ್ಲಿ ಉಬ್ಬರ ಬಂದ ಮೇಲೆ ಇಳಿತ ಬಂದೇ ಬರುತ್ತದೆ, ನೀರು ಮೊದಲಿನ ಗುರುತಿಗೆ ಹೋಗುತ್ತದೆ. ಹಣದುಬ್ಬರ ಇಳಿಯಿತು ಎಂದಾಗ ಬೆಲೆಗಳೂ ಹಾಗೆ ಹಿಂದಕ್ಕೆ ಸರಿದವೆಂದು ನಮ್ಮ ಮನಸ್ಸು ತಿಳಿದುಕೊಳ್ಳುತ್ತದೆ. ಆದರೆ ವಾರ್ತೆಯಲ್ಲಿ ಬರುವ ಅಂಕಿ ಬೆಲೆಯದಲ್ಲ, ಬೆಲೆ ಏರುವ ವೇಗದ್ದು. ಲೆಕ್ಕ ಮಾಡಿ ನೋಡಿರಿ. ಒಂದು ಸಾಮಾನಿನ ಬೆಲೆ 100 ರೂಪಾಯಿ ಇತ್ತೆನ್ನಿ. ಮೊದಲ ವರ್ಷ ಉಬ್ಬರ ನೂರಕ್ಕೆ 6. ಬೆಲೆ 106 ಆಯಿತು. ಮರುವರ್ಷ ಉಬ್ಬರ ನೂರಕ್ಕೆ 4ಕ್ಕೆ ಇಳಿಯಿತು. ಬೆಲೆ 110 ರೂಪಾಯಿ 24 ಪೈಸೆ ಆಯಿತು. ಉಬ್ಬರ ಇಳಿದದ್ದೂ ನಿಜ, ಬೆಲೆ ಏರಿದ್ದೂ ನಿಜ. ಕೆರೆಗೆ ನೀರು ಬರುವ ವೇಗ ತಗ್ಗಿತು ಎಂದರೆ ಕೆರೆ ಬರಿದಾಯಿತೆಂದು ಅರ್ಥವಲ್ಲವಷ್ಟೆ? ಸಾಸಿವೆ ಡಬ್ಬಿಯಲ್ಲಿ 100 ರೂಪಾಯಿಯ ನೋಟನ್ನು ಆ ಎರಡು ವರ್ಷ ಬಚ್ಚಿಟ್ಟ ಮುದುಕಿಯ ಕೈಗೆ ಮತ್ತೆ ಸಿಗುವುದು 100 ರೂಪಾಯಿಯೇ. ಆದರೆ ಅದು ಕೊಳ್ಳಬಲ್ಲದ್ದು ಹಿಂದಿನ 90 ರೂಪಾಯಿ 71 ಪೈಸೆಯಷ್ಟು ಸಾಮಾನನ್ನು. ನೋಟನ್ನು ಇಲಿ ಕಡಿದಿಲ್ಲ, ಕಳ್ಳ ಮುಟ್ಟಿಲ್ಲ.

ಇನ್ನೊಂದು ಸಂಗತಿ. 2016ರಲ್ಲಿ ರಿಜರ್ವ್ ಬ್ಯಾಂಕಿನ ಕಾಯಿದೆಗೆ ತಿದ್ದುಪಡಿಯಾಗಿ, ಗ್ರಾಹಕ ಬೆಲೆಗಳ ಉಬ್ಬರವನ್ನು ನೂರಕ್ಕೆ 4ರ ಆಸುಪಾಸಿನಲ್ಲಿ, ಮೇಲೆ ಕೆಳಗೆ 2ರ ಅಂತರದೊಳಗೆ ಇಡಬೇಕೆಂಬ ಗುರಿ ಗೊತ್ತಾಯಿತು. ಗುರಿಯೇ 4 ಎಂದ ಮೇಲೆ, ಬೆಲೆಗಳನ್ನು ಹಿಂದಕ್ಕೆ ತರುವುದು ಯಾರ ಸಂಕಲ್ಪವೂ ಅಲ್ಲ. ಅವು ಮೆಲ್ಲನೆ ಏರಲಿ, ಉಕ್ಕದಿರಲಿ ಎಂಬುದಷ್ಟೇ ಸಂಕಲ್ಪ. ಸಂಬಳ, ಪಿಂಚಣಿ, ಉಳಿತಾಯಗಳ ಲೆಕ್ಕ ಹಾಕುವ ಮನೆಯವರು ಇದನ್ನು ತಿಳಿದಿರಬೇಕು. ನೂರಕ್ಕೆ 5ರ ಬಡ್ಡಿ ಬಂದು ಉಬ್ಬರ 6 ಇದ್ದರೆ, ಪಾಸ್‌ಬುಕ್ಕಿನಲ್ಲಿ ಅಂಕಿ ಉಬ್ಬಿದೆ, ಉಳಿತಾಯ ಸೊರಗಿದೆ.

ಹಣದ ಹೆಸರು ಒಂದಾದರೂ ತೂಕ ಒಂದಲ್ಲ ಎಂಬುದು ಬೀದರದವರಿಗೆ ಹೇಳಿಕೊಡಬೇಕಾದ ಪಾಠವಲ್ಲ. ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿ ಈ ಜಿಲ್ಲೆ ಇದ್ದಾಗ ‘ಹಾಲಿ ಸಿಕ್ಕಾ’ ರೂಪಾಯಿ ಬೇರೆ, ಬ್ರಿಟಿಷ್ ಇಂಡಿಯಾದ ‘ಕಲ್ದಾರ್’ ರೂಪಾಯಿ ಬೇರೆ. 7 ಹಾಲಿ ಕೊಟ್ಟರೆ 6 ಕಲ್ದಾರ್. ಎರಡಕ್ಕೂ ರೂಪಾಯಿ ಎಂದೇ ಹೆಸರು. 1948ರಲ್ಲಿ ಸಂಸ್ಥಾನ ಭಾರತದಲ್ಲಿ ಸೇರಿದ ಮೇಲೆ ಹಾಲಿ ನಾಣ್ಯ ಕ್ರಮೇಣ ಮರೆಯಾಯಿತು. ಆ ಕಾಲದ ಹಿರಿಯರು ಬೆಲೆ ಕೇಳಿದೊಡನೆ “ಹಾಲಿಯೋ, ಕಲ್ದಾರೋ?” ಎಂದು ಕೇಳುತ್ತಿದ್ದರು. ಇಂದು ನಾವು ಕೇಳಬೇಕಾದದ್ದೂ ಅಂಥದೇ: ಇದು ಯಾವ ವರ್ಷದ ರೂಪಾಯಿ?

ಉಬ್ಬರ ಹದ್ದು ಮೀರಿದರೆ ಏನಾಗುತ್ತದೆಂಬುದಕ್ಕೆ ಜಗತ್ತು ಕಂಡ ದೊಡ್ಡ ಉದಾಹರಣೆ ಜರ್ಮನಿ. ಮೊದಲನೆಯ ಮಹಾಯುದ್ಧದ ತರುವಾಯ ಅಲ್ಲಿಯ ಸರಕಾರ ನೋಟಿನ ಮೇಲೆ ನೋಟು ಅಚ್ಚು ಮಾಡಿತು. 1923ರ ನವೆಂಬರಿನಲ್ಲಿ ಒಂದು ಅಮೆರಿಕನ್ ಡಾಲರಿಗೆ 4.2 ಲಕ್ಷ ಕೋಟಿ ಮಾರ್ಕ್ ಕೊಡಬೇಕಾಯಿತು. ನೋಟಿನ ಮೇಲೆ ಸೊನ್ನೆಗಳು ಬೆಳೆದವು, ಜನರ ಜೀವಮಾನದ ಉಳಿತಾಯ ಸೊನ್ನೆಯಾಯಿತು.

ಸೊನ್ನೆಯ ಮಾತು ಬಂದದ್ದರಿಂದ ಒಂದು ಕೌತುಕವನ್ನು ಹೇಳಬೇಕು. ಸೊನ್ನೆ ಎಂಬುದು ಸಂಸ್ಕೃತದ ‘ಶೂನ್ಯ’ದ ತದ್ಭವ. ಶೂನ್ಯ ಬಂದದ್ದು ‘ಶೂನ’ ಎಂಬುದರಿಂದ. ಶೂನ ಎಂದರೆ ಊದಿಕೊಂಡದ್ದು, ‘ಶ್ವಿ’ ಎಂದರೆ ಊದಿಕೊಳ್ಳುವುದು ಎಂಬ ಧಾತುವಿನಿಂದ ಆದದ್ದು. ಊದಿಕೊಂಡದ್ದರ ಒಳಗೆ ಟೊಳ್ಳಿರುತ್ತದೆ. ಆ ಟೊಳ್ಳೇ ಶೂನ್ಯವಾಯಿತು. ಅರಬರು ಇದನ್ನು ‘ಸಿಫ್ರ್’ ಎಂದು ಅನುವಾದಿಸಿದರು. ಬೀದರದ ಒಂದು ಶಾಲೆಯಲ್ಲಿ ಮಗು ಸೊನ್ನೆ ಎನ್ನುವಾಗ ಪಕ್ಕದ ಉರ್ದು ಶಾಲೆಯ ಮಗು ‘ಸಿಫರ್’ ಎನ್ನುತ್ತದೆ. ಇಬ್ಬರೂ ತಮಗರಿವಿಲ್ಲದೆ ಒಂದೇ ಹಳೆಯ ಉಬ್ಬಿನ ಹೆಸರನ್ನು ಹೇಳುತ್ತಿದ್ದಾರೆ. ಇದೇ ಜಿಲ್ಲೆಯ ಬಸವಕಲ್ಯಾಣದಲ್ಲಿ 12ನೆಯ ಶತಮಾನದ ಶರಣರು ಅಲ್ಲಮಪ್ರಭುವನ್ನು ಕೂರಿಸಿದರೆಂಬ ಪೀಠಕ್ಕೆ ಶೂನ್ಯಪೀಠವೆಂದು ಹೆಸರು. ಆ ಶೂನ್ಯ ಟೊಳ್ಳಲ್ಲ. ‘ನಾನು’ ಎಂಬ ಬೀಗು ಕಳೆದ ಮೇಲೆ ಉಳಿಯುವ ಬಯಲು. ಊದಿಕೊಂಡದ್ದನ್ನು ಹೇಳುತ್ತಿದ್ದ ಮಾತನ್ನೇ ಶರಣರು ಉಬ್ಬು ಇಲ್ಲದ ನೆಲೆಗೆ ಹೆಸರಾಗಿ ಇಟ್ಟುಕೊಂಡರು.

ತೆಲುಗರಲ್ಲಿ ಒಂದು ಗಾದೆಯಿದೆ. ಗಡಿಯ ಈಚೆಗೂ ಅದು ಕೇಳಿಬರುತ್ತದೆ. ‘ವಾಪು’ ಕಂಡು ‘ಬಲುಪು’ ಎಂದು ತಿಳಿಯಬೇಡ, ಅಂದರೆ ಬಾತದ್ದನ್ನು ಕಂಡು ಬಲಿತದ್ದೆಂದು ಭ್ರಮಿಸಬೇಡ. ಮಗುವಿನ ಮುಖ ದುಂಡಗಾದರೆ ತಾಯಿ ಹಿಗ್ಗುತ್ತಾಳೆ. ಆದರೆ ತಿಳಿದ ಅಜ್ಜಿ ಮೊಣಕಾಲ ಕೆಳಗೆ ಬೆರಳಿನಿಂದ ಒತ್ತಿ ನೋಡುತ್ತಾಳೆ. ಗುಳಿ ಬಿದ್ದು ಹಾಗೆಯೇ ನಿಂತರೆ ಅದು ನೀರು ತುಂಬಿದ ಬಾವು. ವೈದ್ಯರ ಬಳಿಗೆ ಹೊರಡಬೇಕು. ಸಂಬಳ, ಬಡ್ಡಿ, ಬೆಲೆಗಳ ವಿಷಯದಲ್ಲಿಯೂ ಹೀಗೆ ಒತ್ತಿ ನೋಡುವ ಬೆರಳೊಂದು ಬೇಕು. ಇಂದಿನ ವಾರ್ತೆಯಲ್ಲಿ ಹಣದುಬ್ಬರದ ಅಂಕಿ ಬಂದರೆ, ಅದನ್ನು ಏರಿತೋ ಇಳಿಯಿತೋ ಎಂದು ಕೇಳಿ ಬಿಡದೆ, ಹೋದ ವರ್ಷ ಇದೇ ತಿಂಗಳು ಮನೆಗೆ ತಂದ ಬೇಳೆ, ಎಣ್ಣೆ, ಜೋಳದ ಲೆಕ್ಕದ ಪುಸ್ತಕವನ್ನು ಪಕ್ಕಕ್ಕಿಟ್ಟುಕೊಂಡು ನೋಡಿರಿ. ರೇಡಿಯೋ ಹೇಳಿದ ಅಂಕಿಯ ಅರ್ಥ ಆ ಪುಸ್ತಕದಲ್ಲಿ ಸಿಕ್ಕುತ್ತದೆ.